ನಲವತ್ತರ ಸದ್ದು

ಪುಣೆ
18 ಸೆಪ್ಟೆಂಬರ್ 1993

ಜಕ್ಕಪ್ಪ ಮಾಮಾ,

ಈ ಸಲ ಸುದ್ದಿ ಮೊದಲು, ಕ್ಷೇಮಸಮಾಚಾರ ಆಮೇಲೆ. ಎರಡು ವರ್ಷದಿಂದ ನಾನು ತಲೆ ಕೆಡಿಸಿಕೊಂಡು ಕೂತಿದ್ದ, ಮೋಟರಿನ ವೇಗ ಹತೋಟಿಯಲ್ಲಿಡುವ ಇನ್ವರ್ಟರ್ ತಯಾರಾಗಿದೆ. ಅದನ್ನು ಕಾರ್ಖಾನೆಯ ಹೊರಗೆ, ನಿಜವಾದ ಕೆಲಸಕ್ಕೆ ಹಚ್ಚಿ ನೋಡಲು ಒಂದು ಜಾಗ ಬೇಕಾಗಿತ್ತು. ಮೀಟಿಂಗಿನಲ್ಲಿ ನಾನು ಜುಗೂಳದ ಹೆಸರು ಹೇಳಿದೆ. ನಿಮ್ಮ ಏತ ನೀರಾವರಿ ಸಂಘದ ಚೇರಮನ್ ಬಾಪುಸಾಹೇಬರು ಒಪ್ಪಿಗೆಯ ಪತ್ರ ಕಳಿಸಿದ್ದಾರೆ. ದಸರೆ ಮುಗಿದ ಮೇಲೆ ಲಾರಿ ಬರುತ್ತದೆ.

ಇಪ್ಪತ್ತು ವರ್ಷದಿಂದ ಹೊಳೆಯ ದಂಡೆಯ ಆ ದೊಡ್ಡ ಮೋಟರನ್ನು ನೀವು ಒಂದೇ ಏಟಿಗೆ ಚಾಲೂ ಮಾಡುತ್ತ ಬಂದಿದ್ದೀರಿ. ಹಿಡಿಕೆ ಎಳೆದ ಕೂಡಲೇ ಊರ ದೀಪಗಳೆಲ್ಲ ಮಂಕಾಗುತ್ತವೆ, ಪೈಪು ನಡುಗುತ್ತದೆ, ವರ್ಷಕ್ಕೆ ಒಂದೆರಡು ಸಲವಾದರೂ ಎಲ್ಲೋ ಒಡೆಯುತ್ತದೆ. ಇನ್ನು ಹಾಗಾಗುವುದಿಲ್ಲ. ನೀವು ವೇಗದ ಗುಬುಟು ತಿರುಗಿಸಿದಷ್ಟೇ ಮೋಟರು ತಿರುಗುತ್ತದೆ. ನೀರು ಕಡಿಮೆ ಬೇಕಾದ ದಿನ ನಿಧಾನ ಓಡಿಸಬಹುದು.

ಒಳಗೆ ಏನಿದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದು ಮೂರು ಸಾವಿರದ ಮುನ್ನೂರು ವೋಲ್ಟಿನ ಮೋಟರು. ಅದಕ್ಕೆ ಬೇಕಾದ ವೋಲ್ಟೇಜನ್ನು ತಾನೊಂದೇ ತಾಳುವ ಸ್ವಿಚ್ಚು ಇಲ್ಲ. ಹಾಗಾಗಿ ಭಾರವನ್ನು ಹಂಚುತ್ತೇವೆ. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಎರಡು ಕಂಡೆನ್ಸರ್ ಒಂದರ ಮೇಲೊಂದು ಜೋಡಿಸಿ, ಅವೆರಡರ ನಡುವಿನಿಂದಲೂ ಒಂದು ತಂತಿ ತೆಗೆಯುತ್ತೇವೆ. ಮೋಟರಿಗೆ ವಿದ್ಯುತ್ತು ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರು ಮೆಟ್ಟಿಲಲ್ಲಿ ಸಿಗುತ್ತದೆ. ಕಾವಡಿ ಹೊತ್ತವನನ್ನು ನೆನಪಿಸಿಕೊಳ್ಳಿ. ಆಚೆ ಒಂದು ಕೊಡ, ಈಚೆ ಒಂದು ಕೊಡ, ನಡುವೆ ಹೆಗಲು. ಎರಡೂ ಸಮ ಇದ್ದರೆ ಮೈಲುಗಟ್ಟಲೆ ನಡೆಯಬಹುದು. ಒಂದು ಹೆಚ್ಚು ತುಂಬಿದರೆ ನಾಲ್ಕು ಹೆಜ್ಜೆಗೇ ವಾಲುತ್ತದೆ. ಈ ಯಂತ್ರದ ಕಷ್ಟವೆಲ್ಲ ಅಷ್ಟೇ: ನಡುವನ್ನು ನಡುವಿನಲ್ಲೇ ಇಡುವುದು.

ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಹಚ್ಚಿ, ಹಿಡಿಕೆಯನ್ನು ನನ್ನ ಕಿವಿಗಿಟ್ಟು, “ಕೇಳ್, ಏನಂತೈತಿ ಅದು?” ಎಂದು ಕಲಿಸಿದವರು ನೀವು. ನಾನು ಮಾಡಿದ ಮೊದಲ ಯಂತ್ರ ನಿಮ್ಮ ಕೈಗೇ ಬರುತ್ತಿದೆ. ಅವ್ವ ನಿಪ್ಪಾಣಿಯಲ್ಲಿ ತನ್ನ ಜೊತೆ ಬೀಡಿ ಕಟ್ಟುವವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ: “ಮಷೀನ ನನ್ನ ಮಗಳದು, ನಡಸಾಂವ ನನ್ನ ತಮ್ಮ.”

ನಾನು ಆರಾಮ ಇದ್ದೇನೆ. ದುಂಡವ್ವ ಅತ್ತೆಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಅಕ್ಕನ ಮಗಳು,
ಕುಸುಮ


ಜುಗೂಳ
2 ಡಿಸೆಂಬರ್ 1993

ಕುಸುಮವ್ವಗೆ ಮಾಮಾನ ಆಶೀರ್ವಾದ.

ನೀನು ಜೀಪು ಹತ್ತಿ ಹೋಗಿ ಹನ್ನೊಂದು ದಿನವಾಯಿತು. ಊರಲ್ಲಿ ಇನ್ನೂ ಅದೇ ಮಾತು. ಉದ್ಘಾಟನೆಯ ದಿನ ನಾನು ಎಷ್ಟು ಹೆದರಿದ್ದೆ ಎಂದು ನಿನಗೆ ಹೇಳಲಿಲ್ಲ. ಮಂಟಪದಲ್ಲಿ ಅಷ್ಟು ಜನ, ಮುಂದಿನ ಕುರ್ಚಿಗಳಲ್ಲಿ ನಿಮ್ಮ ಸಾಹೇಬರು, ಅವರ ಮೇಲಿನ ಸಾಹೇಬರು. ಯಂತ್ರ ಚಾಲೂ ಮಾಡಿದರೆ ಎರಡು ಮಿನಿಟಿಗೆ ತಾನೇ ನಿಲ್ಲುತ್ತಿತ್ತು. ಒಂದು ಸಲವಲ್ಲ, ನಾಲ್ಕು ಸಲ. ಬಾಪುಸಾಹೇಬರು, “ಏನವಾ, ನಿನ್ನ ಮಷೀನ ಪೂಜಿ ಬೇಡಾಕತ್ತೈತೋ, ಹೊಡತ ಬೇಡಾಕತ್ತೈತೋ?” ಎಂದಾಗ ಜನ ನಕ್ಕರು. ನೀನು ನಗಲಿಲ್ಲ. ಯಂತ್ರವಿರುವ ಕಬ್ಬಿಣದ ಪ್ಯಾನೆಲಿನ ಬಾಗಿಲು ತೆರೆದು, ಒಳಗಿನ ಹಸಿರು ಹಲಗೆಯ ಮೇಲೆ ಜೋಳದ ಕಾಳಿನಷ್ಟು ಸಣ್ಣ ಸ್ಕ್ರೂ ಒಂದನ್ನು ತಿರುಗಿಸಿದೆ. ಆಮೇಲೆ ಅದು ನಿಲ್ಲಲೇ ಇಲ್ಲ. ಮೇಲಿನ ತೊಟ್ಟಿಗೆ ನೀರು ಬಿದ್ದಾಗ ಬಾಪುಸಾಹೇಬರು ತಮ್ಮ ಪಟಕಾ ತೆಗೆದು ನಿನ್ನ ತಲೆಗೆ ಸುತ್ತಿದರು. ಹೆಣ್ಣುಮಗಳಿಗೆ ಪಟಕಾ ಸುತ್ತಿದ್ದನ್ನು ಈ ಊರು ಅದೇ ಮೊದಲು ನೋಡಿದ್ದು. ನಿನ್ನ ಅವ್ವ ಅತ್ತಳು.

ಯಂತ್ರ ಬಹಳ ಚಲೋ ಇದೆ. ಈಗ ಚಾಲೂ ಮಾಡುವಾಗ ದೀಪ ಕಣ್ಣು ಮಿಟುಕಿಸುವುದೂ ಇಲ್ಲ.

ಒಂದು ಮಾತು ಕೇಳಬೇಕಾಗಿದೆ. ಮೀಟರಿನ ಮುಳ್ಳು ಐವತ್ತಕ್ಕೆ, ಅಂದರೆ ಪೂರ್ತಿ ವೇಗಕ್ಕೆ ಇದ್ದಾಗ ಸದ್ದು ಜೇನುಗೂಡಿನ ಹಾಗೆ ಒಂದೇ ಸಮ ಇರುತ್ತದೆ. ಬರೀ ತಗ್ಗಿನ ಹೊಲಗಳಿಗೆ ನೀರು ಬೇಕಾದ ದಿನ ನಾನು ನಲವತ್ತಕ್ಕೆ ಇಳಿಸುತ್ತೇನೆ. ಅಲ್ಲಿ ಬಂದ ಕೂಡಲೇ ಮೋಟರಿನ ಸ್ವರ ಬದಲಾಗುತ್ತದೆ. ಬೀಸುವಕಲ್ಲಿನಲ್ಲಿ ಹರಳು ಸಿಕ್ಕ ಹಾಗೆ. ಪ್ಯಾನೆಲಿನ ಕಡೆಯಿಂದಲೂ ಒಂದು ಗುರುಗುರು ಬರುತ್ತದೆ. ಬೇರಿಂಗು ನೋಡಿದೆ, ಅದರಲ್ಲಿ ಏನೂ ಇಲ್ಲ. ನೀನು ಹೇಳಿದ ಕಾವಡಿ ಒಂದು ಬದಿಗೆ ಜಗ್ಗುತ್ತಿದೆಯೋ ಏನೋ ಎಂದು ನನಗೆ ಅನಿಸಿತು. ನಾನು ಕಲಿತವನಲ್ಲ, ಕಿವಿಗೆ ಬಂದದ್ದನ್ನು ಬರೆದಿದ್ದೇನೆ. ತಪ್ಪಿದ್ದರೆ ನಗು.

ದುಂಡವ್ವ ನಿನಗೆಂದು ಅಗಸಿ ಚಟ್ನಿ ಕುಟ್ಟಿಟ್ಟಿದ್ದಾಳೆ. ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ.

ನಿನ್ನ ಮಾಮಾ,
ಜಕ್ಕಪ್ಪ


ಪುಣೆ
16 ಡಿಸೆಂಬರ್ 1993

ಮಾಮಾ,

ಕಾಗದ ಸಿಕ್ಕಿತು. ಇಂಥ ಯಂತ್ರಗಳಲ್ಲಿ ವೇಗ ಬದಲಾದಂತೆ ಸದ್ದೂ ಬದಲಾಗುತ್ತದೆ. ಅದು ಸಹಜ, ಹೆದರಬೇಕಾದದ್ದು ಏನಿಲ್ಲ. ಆದರೂ ಆದಷ್ಟು ಐವತ್ತರಲ್ಲೇ ಓಡಿಸಿದರೆ ಒಳ್ಳೆಯದು. ಚಾಲೂ ಇದ್ದಾಗ ಯಾವ ಕಾರಣಕ್ಕೂ ಪ್ಯಾನೆಲಿನ ಬಾಗಿಲು ತೆರೆಯಬೇಡಿ.

ಇಲ್ಲಿ ಕೆಲಸ ಬಹಳ. ನಮ್ಮ ಯಂತ್ರ ನೋಡಿ ಇನ್ನೂ ಎರಡಕ್ಕೆ ಬೇಡಿಕೆ ಬಂದಿದೆ. ಸಂಕ್ರಾಂತಿಗೆ ಬರಲು ಆಗಲಿಕ್ಕಿಲ್ಲ. ಚಟ್ನಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಕುಸುಮ


ಜುಗೂಳ
21 ಮಾರ್ಚ್ 1994

ಕುಸುಮವ್ವ,

ಅಕ್ಷರ ನೋಡಿ ಯಾರದು ಎನ್ನಬೇಡ. ಎಡಗೈಯಿಂದ ಬರೆಯುತ್ತಿದ್ದೇನೆ. ಬಲಗೈಯ ಪಟ್ಟಿ ಮೊನ್ನೆ ಬಿಚ್ಚಿದರು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಅಲುಗುತ್ತವೆ, ಉಳಿದ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಬಲಗಣ್ಣಿಗೆ ಮಬ್ಬು ಮಬ್ಬು ಕಾಣುತ್ತದೆ. ಮಿರಜದ ಡಾಕ್ಟರು, ಯಂತ್ರದೊಳಗಿನ ಬಿಸಿ ಎಣ್ಣೆ ಇನ್ನೊಂದು ಬೆರಳಿನಷ್ಟು ಮೇಲಕ್ಕೆ ಸಿಡಿದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು. ಜೀವ ಉಳಿದಿದೆ, ಅಷ್ಟು ಸಾಕು.

ನೀನು ದವಾಖಾನೆಗೆ ಬಂದದ್ದು ನೆನಪಿದೆ. ನನ್ನ ಕಾಲ ಬದಿಗೆ ನೀನು ನಿಂತಿದ್ದೆ. “ಕುಂಡ್ರವಾ” ಎಂದರೂ ಕೂಡಲಿಲ್ಲ. ಬಹಳ ಸೊರಗಿದ್ದೀ. ನಿನ್ನ ಯಂತ್ರ ಸುಟ್ಟ ಸಂಕಟ ಎಂದು ನನಗೆ ತಿಳಿಯಿತು.

ಅವತ್ತು ನಿಮ್ಮ ಸಾಹೇಬರು ಒಂದು ಮಾತು ಕೇಳಿದರು. “ಪ್ಯಾನೆಲಿನ ಬಾಗಿಲು ತೆರೆದಿತ್ತಲ್ಲ, ಯಾರು ತೆರೆದರು?” ಫೆಬ್ರುವರಿ ಒಂಬತ್ತರ ಬೆಳಗಿನದು ನನ್ನ ತಲೆಯಲ್ಲಿ ಇಷ್ಟೇ ಇದೆ. ಹೊಳೆಯಲ್ಲಿ ನೀರು ತಗ್ಗಿತ್ತು, ನಲವತ್ತಕ್ಕೆ ಇಳಿಸಿದ್ದೆ. ಸದ್ದು ಯಾವತ್ತಿಗಿಂತ ಒರಟಾಯಿತು. ಕುರ್ಚಿಯಿಂದ ಎದ್ದು ಪ್ಯಾನೆಲಿನ ಹತ್ತಿರ ಹೋದೆ. ಆಮೇಲೆ ಕಣ್ಣಿಗೆ ಕಂಡದ್ದು ಮಿರಜದ ದವಾಖಾನೆಯ ಛಾವಣಿ.

ಆ ಎರಡರ ನಡುವೆ ನಾನು ಏನು ಮಾಡಿದೆ ಎಂದು ದಿನಾ ಕೇಳಿಕೊಳ್ಳುತ್ತೇನೆ. ಪಂಪ್‌ಹೌಸಿನಲ್ಲಿ ನಾನೊಬ್ಬನೇ ಇದ್ದೆ. ಬಾಗಿಲು ತೆರೆದಿತ್ತು ಎಂದ ಮೇಲೆ ಇನ್ಯಾರು ತೆರೆಯಬೇಕು? ನೀನು ಕಾಗದದಲ್ಲಿ ತೆರೆಯಬೇಡಿ ಎಂದು ಬರೆದಿದ್ದೆ. ಹಾಗಿದ್ದೂ ತೆರೆದೆನಲ್ಲ. ನಿನ್ನ ಮೊದಲ ಯಂತ್ರವನ್ನು ಸುಟ್ಟವನು ನಿನ್ನ ಮಾಮಾನೇ ಆಗಬೇಕಿತ್ತೇ?

ನನ್ನ ಮೇಲೆ ಸಿಟ್ಟಿದ್ದರೆ ಬರೆದು ತೀರಿಸಿಕೋ. ಸುಮ್ಮನಿರಬೇಡ.

ಜಕ್ಕಪ್ಪ


ಪುಣೆ
7 ಏಪ್ರಿಲ್ 1994

ಮಾಮಾ,

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ವಿಷಯ ಯೋಚಿಸುತ್ತ ಕೂಡಬೇಡಿ. ಡಾಕ್ಟರು ಹೇಳಿದ ವ್ಯಾಯಾಮ ಬಿಡದೆ ಮಾಡಿ. ಕಣ್ಣಿಗೆ ಹಾಕುವ ಔಷಧ ಅಲ್ಲಿ ಸಿಗದಿದ್ದರೆ ಬರೆಯಿರಿ, ಇಲ್ಲಿಂದ ಕಳಿಸುತ್ತೇನೆ.

ಕುಸುಮ


ಜುಗೂಳ
2 ಮೇ 1994

ಕುಸುಮವ್ವಗೆ,

ನಿನ್ನೆ ಸಂಘದ ಸಭೆ ಆಯಿತು. ನಿಮ್ಮ ಕಂಪನಿಯ ವರದಿ ಬಂದಿತ್ತು. ಇಂಗ್ಲಿಷಿನಲ್ಲಿತ್ತು. ಬಾಪುಸಾಹೇಬರು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಯಂತ್ರದಲ್ಲಿ ದೋಷವಿರಲಿಲ್ಲ, ನಡೆಸುವವನು ಸೂಚನೆ ಮೀರಿ ಚಾಲೂ ಇದ್ದಾಗಲೇ ಬಾಗಿಲು ತೆರೆದದ್ದರಿಂದ ಅನಾಹುತವಾಯಿತು ಎಂದಿತ್ತು. ಕೆಳಗೆ ಮೂರು ಸಹಿ. ಮೂರನೆಯದು ನಿನ್ನದು ಎಂದರು.

ನಿಜ ಹೇಳುತ್ತೇನೆ, ನಿನ್ನ ಹೆಸರು ಕೇಳಿ ನನಗೆ ಒಂದು ರೀತಿ ಸಮಾಧಾನವಾಯಿತು. ಅಲ್ಲಿಯವರೆಗೆ ಒಳಗೆಲ್ಲೋ, ನಾನು ತೆರೆದಿರಲಿಕ್ಕಿಲ್ಲ ಎಂಬ ಸಂಶಯ ಇತ್ತು. ಕುಸುಮ ಸಹಿ ಮಾಡಿದ್ದಾಳೆ ಎಂದರೆ ಅದು ಖರೆ ಎಂದು ಒಪ್ಪಿಕೊಂಡೆ.

ಬೇಸಿಗೆ ಶುರುವಾಗುವ ಹೊತ್ತಿಗೇ ಇಪ್ಪತ್ತನಾಲ್ಕು ದಿನ ನೀರು ನಿಂತಿತ್ತು. ಹಳೆಯ ಸ್ಟಾರ್ಟರು ಮತ್ತೆ ಕೂಡಿಸುವ ಹೊತ್ತಿಗೆ ಲಗಮಣ್ಣನ ಎರಡು ಎಕರೆ ಕಬ್ಬು ಒಣಗಿ ಗರಿಯಾಗಿತ್ತು. ಅವನು ಎದ್ದು ನಿಂತು ಕೇಳಿದ: “ಜಕ್ಕಪ್ಪ, ಇಪ್ಪತ್ತ ವರ್ಷದ ಅನುಭವದಾಂವ ನೀ. ಕೈ ತಡಿಲಿಲ್ಲೇನೋ ನಿನಗ?” ಅವನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ, ಕೇಳಿದ. ನಾನು ಎದ್ದು, ಇರುವ ಕೈಗಳನ್ನೇ ಜೋಡಿಸಿ, “ತಪ್ಪಾತ್ರಿ. ನನ್ನ ಕೈಯಿಂದ ತಪ್ಪಾತು” ಎಂದೆ. ನನ್ನನ್ನು ಕೆಲಸದಿಂದ ಬಿಡಿಸಿದರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಹೊರಗೆ ಬರುವಾಗ ಚಪ್ಪಲಿ ಹಾಕಿಕೊಳ್ಳಲು ಒಬ್ಬರು ನನ್ನ ತೋಳು ಹಿಡಿದರು. ಅದೇ ಹೆಚ್ಚು ನೋವಾಯಿತು.

ಈಗ ನಾಲ್ಕು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗುತ್ತೇನೆ. ಅಪ್ಪ ಮಾಡಿದ ಕೆಲಸ, ಮರೆತಿಲ್ಲ. ಪಂಪ್‌ಹೌಸು ಕಾಣದ ದಾರಿ ಹಿಡಿಯುತ್ತೇನೆ.

ನಿನ್ನ ಅವ್ವ ಬರುವುದನ್ನು ಬಿಟ್ಟಿದ್ದಾಳೆ. ಅಕ್ಕ ನನ್ನ ಮೇಲೆ ಸಿಟ್ಟು ಮಾಡಿದ್ದು ಹುಟ್ಟಿನಿಂದ ನೋಡಿರಲಿಲ್ಲ. “ನನ್ನ ಮಗಳ ಮಾರಿಗೆ ಮಸಿ ಬಳದಿ. ಅಕಿ ಬ್ಯಾಡ ಅಂದದ್ದನ್ನ ಮಾಡಿದಿ” ಎಂದು ಹೇಳಿ ಹೋದವಳು ಯುಗಾದಿಗೂ ಬರಲಿಲ್ಲ. ಅವಳಿಗೆ ನೀನು ಏನೂ ಅನ್ನಬೇಡ. ಅವಳು ಅಂದದ್ದರಲ್ಲಿ ಸುಳ್ಳೇನಿದೆ?

ಈಗೀಗ ನನಗೆ ನೆನಪೂ ಆಗುತ್ತಿದೆ. ಬಾಗಿಲ ಹಿಡಿಕೆ ಅಂಗೈಗೆ ತಣ್ಣಗೆ ಹತ್ತಿದ್ದು, ಅದನ್ನು ಕೆಳಗೆ ಒತ್ತಿದ್ದು. ಮೊದಲು ಇರಲಿಲ್ಲ. ಈಗ ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಜಕ್ಕಪ್ಪ


ಪುಣೆ
17 ಜುಲೈ 1994

ಮಾಮಾ,

ನೀವು ಬಾಗಿಲು ತೆರೆಯಲಿಲ್ಲ.

ಎರಡೂವರೆ ತಿಂಗಳಿಂದ ಈ ಒಂದು ವಾಕ್ಯ ಬರೆಯಲು ಕೂಡುತ್ತಿದ್ದೇನೆ, ಏಳುತ್ತಿದ್ದೇನೆ. ಬರೆದಾಯಿತು. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಬಾಗಿಲು ಒಳಗಿನಿಂದ ಕಿತ್ತುಕೊಂಡು ತೆರೆಯಿತು. ಮೇಲಿನ ಕಂಡೆನ್ಸರ್ ತನ್ನ ಪಾಲಿಗಿಂತ ಹೆಚ್ಚು ವೋಲ್ಟೇಜ್ ಹೊತ್ತು ಸಿಡಿದು ಬಾಗಿಲನ್ನು ದೂಡಿತು. ಮರುದಿನ ನಾವು ಬಂದಾಗ ನಾನು ಕಣ್ಣಾರೆ ನೋಡಿದೆ. ಹಿಡಿಕೆಯ ಹಿಂದೆ ಬಾಗಿಲನ್ನು ಭದ್ರ ಹಿಡಿಯುವ ಕಬ್ಬಿಣದ ನಾಲಿಗೆ ಹೊರಕ್ಕೆ ಬಾಗಿತ್ತು. ಕೈಯಿಂದ ತೆರೆದ ಬಾಗಿಲಿಗೆ ಅದು ಹಾಗೆ ಬಾಗುವುದಿಲ್ಲ. ನಮ್ಮ ಸಾಹೇಬರೂ ನೋಡಿದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವರದಿ ಅವರು ಬರೆದರು. ಸಹಿ ಮಾಡು ಎಂದು ಒತ್ತಾಯವನ್ನೂ ಮಾಡಲಿಲ್ಲ. ಪೆನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಸಹಿ ನಾನೇ ಮಾಡಿದೆ.

ಅದಕ್ಕಿಂತ ಹಿಂದಿನದೂ ಇದೆ. ಎರಡು ಕಂಡೆನ್ಸರುಗಳ ನಡುವೆ ಹೆಚ್ಚುಕಡಿಮೆಯಾದರೆ ಯಂತ್ರವನ್ನು ನಿಲ್ಲಿಸುವ ಕಾವಲು ಒಂದಿದೆ. ಉದ್ಘಾಟನೆಯ ದಿನ ಅದು ನಾಲ್ಕು ಸಲ ನಿಲ್ಲಿಸಿತಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು. ನಾನು ತಿರುಗಿಸಿದ ಸ್ಕ್ರೂ ಆ ಕಾವಲಿನದು. ಇಷ್ಟಕ್ಕೆಲ್ಲ ನಿಲ್ಲಬೇಡ ಎಂದು ಅದರ ಮಿತಿಯನ್ನು ಮೂರು ಪಟ್ಟು ಸಡಿಲಿಸಿದೆ. ಮರುದಿನ ಮೊದಲಿನಂತೆ ಮಾಡಬೇಕೆಂದುಕೊಂಡಿದ್ದೆ. ತಲೆಯ ಮೇಲೆ ಪಟಕಾ ಇಟ್ಟುಕೊಂಡೇ ಜೀಪು ಹತ್ತಿದೆ.

ನಲವತ್ತರ ಸುತ್ತ ನಡುಬಿಂದು ಸರಿಯುತ್ತದೆಂದು ಕಾರ್ಖಾನೆಯಲ್ಲೇ ಒಂದು ಸಲ ಕಂಡಿತ್ತು. ಅಲ್ಲಿ ಸಣ್ಣ ಮೋಟರು, ಹಾಗಾಗಿ ಸ್ವಲ್ಪವೇ ಸರಿದಿತ್ತು. ವೋಲ್ಟೇಜಿನ ಏರಿಳಿತ ಬರೆಯುವ ರೆಕಾರ್ಡರಿನ ಕಾಗದದಲ್ಲಿ ಗೆರೆ ಬಾಗಿದ್ದನ್ನು ನೋಡಿ, ಮಡಚಿ, ನೋಟ್‌ಬುಕ್ಕಿನಲ್ಲಿಟ್ಟೆ. ಪರೀಕ್ಷೆಯ ಪಟ್ಟಿಯಲ್ಲಿ ‘ಸರಿ’ ಎಂದು ಬರೆದೆ. ತಪ್ಪು ಎಲ್ಲಿತ್ತೆಂದು ಈ ಮೇ ತಿಂಗಳಲ್ಲಿ ಸಿಕ್ಕಿತು. ನಡುವನ್ನು ಸರಿಪಡಿಸುವ ನನ್ನ ಲೆಕ್ಕದಲ್ಲಿ, ಆ ವೇಗದ ಪಾಲಿನಲ್ಲಿ, ಕೂಡಬೇಕಾದ ಕಡೆ ಕಳೆದಿದ್ದೆ. ವಾಲಿದ್ದನ್ನು ಎತ್ತುವ ಬದಲು ಇನ್ನಷ್ಟು ಒತ್ತುತ್ತಿತ್ತು. ಒಂದು ಚಿಹ್ನೆ ಅಷ್ಟೇ.

ನೀವು ಅದನ್ನು ಕಿವಿಯಿಂದಲೇ ಹಿಡಿದು ಡಿಸೆಂಬರಿನಲ್ಲಿ ಬರೆದಿರಿ. ಓದಿದ ಕ್ಷಣ ನನಗೆ ಎಲ್ಲ ತಿಳಿಯಿತು. ಸಂಘಕ್ಕೆ ಒಂದು ಫೋನು ಮಾಡಿ ನಿಲ್ಲಿಸಿ ಎಂದರೆ ಸಾಕಾಗಿತ್ತು. ಆದರೆ ಯಾಕೆ ನಿಲ್ಲಿಸಬೇಕೆಂದು ಎಲ್ಲರಿಗೂ ಹೇಳಬೇಕಾಗುತ್ತಿತ್ತು. ಈ ಕಂಪನಿಯಲ್ಲಿ ನಾನೊಬ್ಬಳೇ ಹೆಣ್ಣು ಇಂಜಿನಿಯರ್. ನನ್ನ ಬೆನ್ನ ಹಿಂದೆ ‘ನಿಪ್ಪಾಣಿ ಬೀಡಿ’ ಎನ್ನುವವರಿದ್ದಾರೆ. ಅವರು ಗೆಲ್ಲುತ್ತಾರೆಂದು ಹೆದರಿದೆ. ಇದನ್ನು ನೆಪವೆಂದು ಬರೆಯುತ್ತಿಲ್ಲ. ನಿಮ್ಮ ಕೈಗಿಂತ ನನಗೆ ಯಾವುದು ದೊಡ್ಡದಾಗಿತ್ತೆಂದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ದವಾಖಾನೆಯಲ್ಲಿ ನಾನು ಕೂಡದಿದ್ದದ್ದು ಯಂತ್ರದ ಸಂಕಟಕ್ಕಲ್ಲ. ಕೂತರೆ ನೀವು ತಲೆ ಸವರುತ್ತೀರಿ ಎಂದು ಹೆದರಿ.

ಆಮೇಲೂ ಸುಮ್ಮನೇ ಇದ್ದೆ. ಅವ್ವ ನಿಮ್ಮನ್ನು ಬೈದು ಬಂದೆ ಎಂದು ನನಗೇ ಹೇಳಿದಳು, ಕೇಳಿಸಿಕೊಂಡೆ. ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಮಾತ್ರ ತಾಳಲಾಗಲಿಲ್ಲ. ಮಾಡದ ಕೆಲಸ ನಿಮಗೆ ನೆನಪಾಗುತ್ತಿದೆ. ಮಾಮಾ, ಅದು ನೆನಪಲ್ಲ, ನನ್ನ ಸಹಿ.

ಕ್ಷಮಿಸಿ ಎಂದು ಬರೆಯಲು ಧೈರ್ಯವಿಲ್ಲ.

ಕುಸುಮ


ಜುಗೂಳ
6 ಆಗಸ್ಟ್ 1994

ಕುಸುಮ,

ಕಾಗದ ಎರಡು ಸಲ ಓದಿದೆ. ಮೂರನೆಯ ಸಲ ದುಂಡವ್ವಗೆ ಓದಿ ಹೇಳಿದೆ. “ಹೊಳಿಗೆ ಒಗೀರಿ ಅದನ್ನ” ಎಂದಳು. ಒಗೆದಿಲ್ಲ.

ಯಂತ್ರ ಮಾಡುವವರ ಲೆಕ್ಕ ತಪ್ಪುತ್ತದೆ. ನಾನೂ ಒಂದು ಸಲ ಫೇಸು ಅದಲುಬದಲು ಮಾಡಿ ಪಂಪು ಉಲ್ಟಾ ತಿರುಗಿಸಿದ್ದೇನೆ. ಎಣ್ಣೆ ಬಿದ್ದದ್ದನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ನೀನು ನನ್ನ ಕಿವಿಯನ್ನು ಸುಳ್ಳು ಮಾಡಿದೆ. ಸಹಜ ಎಂದು ಬರೆದೆ. ಆವತ್ತಿನಿಂದ ಪ್ರತಿ ಸಲ ಆ ಸದ್ದು ಕೇಳಿದಾಗಲೂ, ಜಕ್ಕಪ್ಪ, ನಿನಗೇನು ತಿಳಿಯುತ್ತದೆ, ಕಲಿತವಳು ಹೇಳಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಐದು ತಿಂಗಳಿಂದ ಹೆಂಡತಿಯ ಮುಂದೆ, ಅಕ್ಕನ ಮುಂದೆ, ಊರ ಮುಂದೆ ನಾನು ಕಳ್ಳನ ಹಾಗೆ ತಿರುಗಿದ್ದೇನೆ.

ನೀನು ನನಗೆ ಕಾಗದ ಬರೆದಿದ್ದೀ. ನಾನು ಕೈ ಮುಗಿದದ್ದು ಕಾಗದದಲ್ಲಲ್ಲ. ಸಂಘದ ಓಣಿಯ ಕಟ್ಟೆಯ ಮೇಲೆ ನೂರಿಪ್ಪತ್ತು ಜನರ ಮುಂದೆ. ಆಗಸ್ಟ್ ಇಪ್ಪತ್ತೆಂಟು, ಭಾನುವಾರ ಮುಂದಿನ ಸಭೆ. ಅದೇ ಕಟ್ಟೆ, ಅದೇ ಜನ. ಬಂದು ನಿನ್ನ ಬಾಯಿಂದ ಹೇಳು. ಇಂಗ್ಲಿಷಿನಲ್ಲಲ್ಲ. ಅವರು ಕೇಳಿದ್ದಕ್ಕೆ ಉತ್ತರ ಕೊಡು. ಆಮೇಲೆ ನಿಪ್ಪಾಣಿಗೆ ಹೋಗಿ ನಿನ್ನ ಅವ್ವನಿಗೆ ಹೇಳು. ನಾನು ಹೇಳುವುದಿಲ್ಲ.

ಬರಲಾಗದಿದ್ದರೆ ಇನ್ನು ಮುಂದೆ ಬರೆಯಬೇಡ.

ಜಕ್ಕಪ್ಪ


ನಿಪ್ಪಾಣಿ
31 ಆಗಸ್ಟ್ 1994

ಮಾಮಾ,

ಬಂದಿದ್ದೆ. ನೀವು ಇರಲಿಲ್ಲ. ದುಂಡವ್ವ ಅತ್ತೆ ಹೊಸ್ತಿಲಲ್ಲೇ ನಿಂತು, “ಕುರಿ ಹೊಡಕೊಂಡ ಉಗಾರ ಬುದ್ರುಕದ ಕಡೆ ಹೋಗ್ಯಾರ. ಇವತ್ತ ಬರೂದಿಲ್ಲ” ಎಂದರು. ಒಳಗೆ ಕರೆಯಲಿಲ್ಲ. ಕರೆಯಬಾರದಾಗಿತ್ತು, ಸರಿಯಾಗಿಯೇ ಮಾಡಿದರು. ನೀವಿಲ್ಲದೆ ನಡೆದದ್ದನ್ನು ಈಗ ನಾನೇ ನಿಮಗೆ ಹೇಳಬೇಕು.

ಬಾಪುಸಾಹೇಬರು ನನ್ನನ್ನು ನೋಡಿ ಕುರ್ಚಿ ತರಿಸಿದರು. ಏಕೆ ಬಂದೆ ಎಂದು ಹೇಳಿದಾಗ ತಗ್ಗಿದ ದನಿಯಲ್ಲಿ, “ಇದು ಕಂಪನಿ ಮಾತವಾ. ಆಫೀಸನ್ಯಾಗ ಕುಂತ ಮಾತಾಡೂಣು” ಎಂದರು. “ಮಾಮಾ ಇಲ್ಲೇ ನಿಂತ ಕೈ ಮುಗದಾರ್ರಿ” ಎಂದೆ. ಅವರು ಮತ್ತೆ ಅಡ್ಡ ಬರಲಿಲ್ಲ.

ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಮಾತುಗಳೆಲ್ಲ ಮರೆತುಹೋದವು. ರೆಕಾರ್ಡರಿನ ಕಾಗದ ತೋರಿಸಿದೆ, ಸ್ಕ್ರೂ ತಿರುಗಿಸಿದ್ದು ಹೇಳಿದೆ, ನಿಮ್ಮ ಡಿಸೆಂಬರಿನ ಕಾಗದವನ್ನು ಓದಿದೆ. ನಿಮ್ಮ ಅಪ್ಪಣೆ ಕೇಳದೆ ಓದಿದೆ. ಬಹಳ ಜನಕ್ಕೆ ಕಂಡೆನ್ಸರಿನ ಮಾತು ತಿಳಿಯಲಿಲ್ಲ. ನಿಮ್ಮ ಕಾಗದ ಎಲ್ಲರಿಗೂ ತಿಳಿಯಿತು.

ಆಮೇಲೆ ಲಗಮಣ್ಣ ಎದ್ದರು. “ಅಂದ್ರ ಜಕ್ಕಪ್ಪ ಬಾಗಲಾ ತಗೀಲಿಲ್ಲ?”

“ಇಲ್ರಿ.”

“ಮತ್ತ ನಮ್ಮ ಮುಂದ ಯಾಕ ಕೈ ಮುಗದಾ?”

“ನಾ ಸಹಿ ಮಾಡಿದ್ದಕ್ಕರಿ. ನನ್ನ ನಂಬಿದ್ದಕ್ಕ.”

ಲಗಮಣ್ಣ ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಒಬ್ಬೊಬ್ಬರೇ ಎದ್ದರು. ಆ ಕಟ್ಟೆ ಖಾಲಿಯಾಗುವವರೆಗೂ ನಿಂತಿದ್ದೆ. ಚಪ್ಪಲಿ ಹುಡುಕುವಾಗ ಯಾರೂ ನನ್ನ ತೋಳು ಹಿಡಿಯಲಿಲ್ಲ.

ಕಂಪನಿಯ ಕೆಲಸ ಬಿಟ್ಟಿದ್ದೇನೆ. ಬಿಡುವ ಮೊದಲು ತಪ್ಪಿದ ಚಿಹ್ನೆಯನ್ನೂ, ಸ್ಕ್ರೂವನ್ನೂ, ಬಾಗಿದ ನಾಲಿಗೆಯನ್ನೂ ಬರೆದು, ಅದರ ಪ್ರತಿಗಳನ್ನು ಸಂಘಕ್ಕೂ, ಹೊಸ ಎರಡು ಯಂತ್ರ ಕೊಳ್ಳಬೇಕಿದ್ದವರಿಗೂ ಕಳಿಸಿದೆ. ಆ ಎರಡನ್ನೂ ಸದ್ಯಕ್ಕೆ ನಿಲ್ಲಿಸಿದ್ದಾರೆ.

ನಿನ್ನೆ ಅವ್ವನಿಗೆ ಹೇಳಿದೆ. ಬೀಡಿ ಕಟ್ಟುತ್ತ ಕೂತಿದ್ದಳು. ನಾನು ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಮೊರವನ್ನು ತೊಡೆಯಿಂದ ಇಳಿಸಿ, ನನ್ನ ಕಡೆ ನೋಡದೆ, “ಜುಗೂಳಕ್ಕ ಮುಂಜಾನಿ ಬಸ್ಸ ಎಷ್ಟಕ್ಕ ಐತಿ?” ಎಂದು ಕೇಳಿದಳು.

ಕುಸುಮ


ಜುಗೂಳ
19 ಸೆಪ್ಟೆಂಬರ್ 1994

ಕುಸುಮವ್ವ,

ಅಕ್ಕ ಬಂದಿದ್ದಳು. ನಾಲ್ಕು ದಿನ ಇದ್ದು ಹೋದಳು. ಬಂದವಳು ಅಳಲೂ ಇಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಕುರಿ ಹಟ್ಟಿ ಬಳಿದಳು, ದುಂಡವ್ವನ ಜೊತೆ ಜಗಳ ಮಾಡಿ ರೊಟ್ಟಿ ತಾನೇ ಬಡಿದಳು. ಹೊರಡುವ ದಿನ, “ನಿನ್ನ ಕೈ ತೋರಸ” ಎಂದು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

ಬಾಪುಸಾಹೇಬರೂ ಬಂದಿದ್ದರು. ಕೆಲಸಕ್ಕೆ ಬಾ ಎಂದರು. ಒಂದು ವಾರ ಆಗುವುದಿಲ್ಲ ಎಂದೆ. ಎಂಟನೆಯ ದಿನ ಹೋದೆ. ಹಳೆಯ ಸ್ಟಾರ್ಟರಿನ ಹಿಡಿಕೆಗೆ ಎಡಗೈ ಸಾಕು.

ನಾನು ಸಭೆಯಲ್ಲಿ ಯಾಕೆ ಇರಲಿಲ್ಲ ಎಂದು ನೀನು ಕೇಳಿಲ್ಲ. ಸಿಟ್ಟಿಗೆ ಎಂದು ತಿಳಿದಿರಬೇಕು. ಸಿಟ್ಟು ಇತ್ತು. ಆದರೆ ಅದಕ್ಕಲ್ಲ. ನಿನ್ನ ಜುಲೈ ತಿಂಗಳ ಕಾಗದದ ಮೊದಲ ಸಾಲು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ನಾನಲ್ಲ, ನಾನಲ್ಲ ಎಂದು ಮಗುವಿನ ಹಾಗೆ ಕುಣಿಯುವಂತಾಯಿತು. ಕೆಳಗಿನ ಸಾಲುಗಳಲ್ಲಿ ಅದು ನೀನು ಎಂದು ತಿಳಿದ ಮೇಲೂ ಆ ಸಂತೋಷ ಕಡಿಮೆಯಾಗಲಿಲ್ಲ. ಅಕ್ಕನ ಮಗಳ ತಪ್ಪು ಕೇಳಿ ಹಿಗ್ಗುವವನು ಎಂಥ ಮನುಷ್ಯ? ನೀನು ಅಲ್ಲಿ ನಿಂತು ಹೇಳುವಾಗ ನನ್ನ ಮುಖದ ಮೇಲೆ ಅದು ಕಂಡುಬಿಟ್ಟರೆ ಎಂದು ಹೆದರಿ ಕುರಿ ಬಿಚ್ಚಿಕೊಂಡು ಹೋದೆ. ಇದನ್ನು ದುಂಡವ್ವಗೂ ಹೇಳಿಲ್ಲ.

ಇನ್ನು ಮುಂದೆ ಎಲ್ಲಿ ಕೆಲಸ ಮಾಡುತ್ತೀ, ಏನು ಮಾಡುತ್ತೀ, ನನಗೆ ತಿಳಿಯದು. ಯಂತ್ರ ಮಾಡುವುದನ್ನು ಬಿಡಬೇಡ. ಕೂಡಬೇಕಾದ ಕಡೆ ಕೂಡು.

ನಿನ್ನ ಮೇಲಿನ ನೋವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೂ ದೀಪಾವಳಿಗೆ ಬಾ. ಬಂದಾಗ ಬಾಗಿಲಲ್ಲಿ ಕಾಲು ಮುಟ್ಟಲು ಬಗ್ಗಬೇಡ, ಇಬ್ಬರಿಗೂ ನಾಚಿಕೆಯಾಗುತ್ತದೆ. ಯಾರಾದರೂ ಕರೆಯುವವರೆಗೆ ಕಾಯದೆ ನೇರ ಒಳಗೆ ಹೋಗಿ ಊಟಕ್ಕೆ ಕೂತುಬಿಡು. ದುಂಡವ್ವ ಏನೂ ಅನ್ನದೆ ಬಡಿಸುತ್ತಾಳೆ. ನಾನು ಬಂದು ಪಕ್ಕದಲ್ಲಿ ಕೂಡುತ್ತೇನೆ.

ನಿನ್ನ ಮಾಮಾ,
ಜಕ್ಕಪ್ಪ